ವಾರ ಬಿಟ್ಟು ವಾರ

ಬಟ್ಟಲಿನ ಕಡೆ ನೋಡಬಾರದು ಎಂದುಕೊಂಡಷ್ಟೂ ರೂನೆಯ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಹಾಕಿದ ಹಸಿ ಮಾಂಸ ಹಾಕಿದ ಹಾಗೇ ಇತ್ತು. ಫಿಗ್ಗೆ ಅದರಿಂದ ಒಂದು ಮಾರು ದೂರದಲ್ಲಿ, ಬಾಗಿಲ ಬಳಿ ಬಿಚ್ಚಿಟ್ಟ ಬೂಟುಗಳ ಪಕ್ಕ, ಮೂತಿಯನ್ನು ಮುಂಗಾಲುಗಳ ಮೇಲಿಟ್ಟು ಮಲಗಿತ್ತು. ಕುಳ್ಳಗಾಲಿನ, ನರಿಮುಖದ, ಬೂದು ಬಣ್ಣದ ನಾಯಿ. ಹಸಿದಿದೆ ಎಂಬುದು ಪಕ್ಕೆ ನೋಡಿದರೆ ಗೊತ್ತಾಗುತ್ತಿತ್ತು, ಮುಖ ನೋಡಿದರೆ ಇಲ್ಲ. ಕರೆದ ರೀತಿ ಸರಿಯಿಲ್ಲವೆಂದು ಮುನಿದು ಕೂತ ನೆಂಟರ ಬಿಗುಮಾನ ಆ ಮುಖದಲ್ಲಿತ್ತು. "ತಿನ್ನೋ ಮಾರಾಯ" ಎಂದು ರೂನೆ ಅಡುಗೆಮನೆಯಿಂದಲೇ ಅಂದ. ಫಿಗ್ಗೆ ಕಿವಿಯನ್ನು ಮಾತ್ರ ಇತ್ತ ತಿರುಗಿಸಿ, ಕೇಳಿಸಿತು ಎಂಬುದನ್ನು ತಿಳಿಸಿ, ಕಣ್ಣು ಮುಚ್ಚಿಕೊಂಡಿತು. ಕಿಟಕಿಯಾಚೆ ನವೆಂಬರಿನ ಬೆಳಕು ಇನ್ನೂ ಬರಲೋ ಬೇಡವೋ ಎನ್ನುತ್ತಿತ್ತು. ಬಟ್ಟಲನ್ನು ಎತ್ತಿ ಫ್ರಿಜ್ಜಿನಲ್ಲಿಟ್ಟ. ಬೆರಳಿಗೆ ಹತ್ತಿದ ವಾಸನೆ ಸೋಪು ಹಾಕಿ ತೊಳೆದರೂ ಹೋಗಲಿಲ್ಲ.

ಇವತ್ತು ಗುರುವಾರ. ಭಾನುವಾರ ಸಿಗ್ನೆ ಬರುತ್ತಾಳೆ. ಬೇರೆಯಾದ ಗಂಡಹೆಂಡಿರು ಮಕ್ಕಳನ್ನು ವಾರ ಬಿಟ್ಟು ವಾರ ಹಂಚಿಕೊಳ್ಳುವುದು ಆ ಬಂದರೂರು ಹೆರ್ನೋಸಂದ್‌ನಲ್ಲಿ ತೀರ ಮಾಮೂಲು. ಇವರಿಗೆ ಮಕ್ಕಳಿರಲಿಲ್ಲವಾದ್ದರಿಂದ ನಾಯಿಯನ್ನು ಹಂಚಿಕೊಂಡಿದ್ದರು. ಭಾನುವಾರ ಮಧ್ಯಾಹ್ನ ಬಾಗಿಲ ಹೊರಗಿನ ಮೆಟ್ಟಿಲ ಬಳಿ ಫಿಗ್ಗೆಯ ಹಗ್ಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಸಿಗ್ನೆ ಒಳಗೆ ಬರುತ್ತಿರಲಿಲ್ಲ, ಟೋಪಿಯನ್ನೂ ತೆಗೆಯುತ್ತಿರಲಿಲ್ಲ. ಕಿವಿಗೆ ಔಷಧಿ ಹಾಕಿದೆಯಾ, ಉಗುರು ಕತ್ತರಿಸಿದೆಯಾ, ಚಳಿ ಈ ಸಲ ಬೇಗ ಬಂತು, ಇಷ್ಟೇ ಮಾತು. ಅಷ್ಟಕ್ಕೇ ರೂನೆ ಆ ದಿನ ಬೇಗ ಎದ್ದು ಗಡ್ಡ ಕೆರೆಯುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದ, ಅವಳ ಕಾರಿನ ಸದ್ದು ಕೇಳಿದ ಮೇಲೂ ಬೇಕೆಂದೇ ಸ್ವಲ್ಪ ತಡಮಾಡಿ ಬಾಗಿಲು ತೆಗೆಯುತ್ತಿದ್ದ. ನಾಯಿ ಇಲ್ಲದಿದ್ದರೆ ಭಾನುವಾರವೂ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನೀರು ಸರಬರಾಜಿನ ಕಚೇರಿಯಿಂದ ನಿವೃತ್ತನಾದ ಮೇಲೆ ವಾರದ ಏಳು ದಿನಗಳಲ್ಲಿ ಹೆಸರು ಉಳಿದಿದ್ದರೆ ಅದು ಭಾನುವಾರಕ್ಕೆ ಮಾತ್ರ.

ಆ ಭಾನುವಾರಕ್ಕೆ ಈಗ ಕುತ್ತು ಬಂದಿತ್ತು. ಫಿಗ್ಗೆಯ ಕಿವಿ ಸೋರಿ, ಮೈಯೆಲ್ಲ ಕೆರೆದು ಕೆರೆದು ಕೆಂಪಾದಾಗ, ಚೀಲದಲ್ಲಿ ಬರುವ ನಾಯಿ ತಿಂಡಿಯ ಒಣ ಕಾಳು ನಿಲ್ಲಿಸಿ ಹಸಿ ಮಾಂಸ, ಮೂಳೆ, ಈಲಿ ಹಾಕಿ ನೋಡೋಣ ಎಂದು ಪಶುವೈದ್ಯೆ ಹೇಳಿದ್ದಳು. ಸಿಗ್ನೆ ಮೆಟ್ಟಿಲ ಮೇಲೆ ನಿಂತು ಕಟ್ಟುನಿಟ್ಟಾಗಿ ಅಂದಿದ್ದಳು: "ಇಬ್ರ ಮನೇಲೂ ಒಂದೇ ಊಟ. ಪಾಪ ಅಂತ ನೀನು ಕದ್ದು ಸಾಸೇಜ್ ಹಾಕಿದ್ರೆ ನಂಗೆ ಕಿವಿ ನೋಡಿದ್ರೇ ಗೊತ್ತಾಗುತ್ತೆ." ಅವಳ ಮನೆಯಲ್ಲಿ ಅದು ತಿನ್ನುತ್ತಿತ್ತಂತೆ. ಇವನ ಮನೆಯಲ್ಲಿ ಮೂಸಿ ನೋಡಿ ಹಿಂದೆ ಸರಿಯುತ್ತಿತ್ತು; ಹೊಟ್ಟೆ ತೀರ ಕೂಗಿದಾಗ ಎರಡು ತುತ್ತು ತಿಂದು, ತಿಂದದ್ದಕ್ಕೆ ನಾಚಿಕೊಂಡಂತೆ ಮಂಚದ ಕೆಳಗೆ ಸೇರುತ್ತಿತ್ತು. ಹಿಂದಿನ ಸರದಿ ಮುಗಿದಾಗ ಸಿಗ್ನೆ ಕೈಗವಸು ಕಳಚಿ ನಾಯಿಯ ಪಕ್ಕೆ ತಡವಿದಳು. "ಸಣ್ಣಗಾಗಿದ್ದಾನೆ ರೂನೆ. ತಿಂತಾನಾ?" ಎಂದಳು. "ತಿಂತಾನೆ" ಎಂದ. "ತಿನ್ನಲ್ಲ ಅಂದ್ರೆ ಹೇಳು, ನನ್ನ ಹತ್ರಾನೇ ಇರ್ಲಿ. ನಿಂಗೂ ರಗಳೆ ತಪ್ಪುತ್ತೆ." "ತಿಂತಾನೆ ಅಂದ್ನಲ್ಲ" ಎಂದು ಅವನು ಸ್ವಲ್ಪ ಜೋರಾಗಿಯೇ ಅಂದಿದ್ದ. ಮೇಲಿನ ಮಹಡಿಯಲ್ಲಿ ಯಾರೋ ಬಾಗಿಲು ತೆಗೆದು, ಕೆಳಗೆ ಜನ ಇದ್ದಾರೆಂದು ತಿಳಿದು ಮತ್ತೆ ಹಾಕಿಕೊಂಡರು. ಆ ಸುಳ್ಳು ಹೇಳುವಾಗ ಅವಳ ಬರಿಗೈ ನೋಡುತ್ತಿದ್ದ. ಉಂಗುರದ ಬೆರಳಿನ ಮೇಲೆ ಇದ್ದ ಬಿಳಿ ಗುರುತು ಮಾಯವಾಗಿತ್ತು.

ಮಧ್ಯಾಹ್ನ ನಾಯಿಯನ್ನು ಕರೆದುಕೊಂಡು ಬಂದರಿನ ಹಿಂದಿನ, ನಾಯಿಗಳ ಊಟ ಮಾರುವ ಅಂಗಡಿಗೆ ಹೋದ. ಗೋಡೆಯುದ್ದಕ್ಕೂ ಐಸ್‌ಪೆಟ್ಟಿಗೆಗಳು; ಒಳಗೆ ಹಸು, ಕುರಿ, ಹಿಮಸಾರಂಗ, ಮೀನು, ಎಲ್ಲ ಒಂದೇ ಅಳತೆಯ ಇಟ್ಟಿಗೆಗಳಾಗಿ ಮಲಗಿದ್ದವು. ಅಂಗಡಿಯ ಹುಡುಗಿ ತೂವಾ ಒಳಗೂ ಉಣ್ಣೆ ಟೋಪಿ ಹಾಕಿಕೊಂಡೇ ಇರುವವಳು. "ಏನ್ ರೂನೆ, ಸಾಹೇಬರು ಇನ್ನೂ ಮುನಿಸು ಬಿಟ್ಟಿಲ್ವಾ?" ಎಂದು ಕೇಳಿದಳು. ರೂನೆ ದನಿ ತಗ್ಗಿಸಿ, ಕುರಿ ಹಾಕಿ ನೋಡಿದೆ, ಮೀನೂ ನೋಡಿದೆ ಎಂದ. ಅವನ ಹಿಂದೆ ಕರುವಿನಷ್ಟು ದೊಡ್ಡ ನಾಯಿ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. "ಅವನು ನಿಮ್ಮನ್ನ ಆಟ ಆಡಿಸ್ತಿದ್ದಾನೆ. ಬಟ್ಲು ಇಡಿ, ಸ್ವಲ್ಪ ಹೊತ್ತು ಬಿಡಿ, ತಿನ್ಲಿಲ್ವಾ, ತೆಗೀರಿ. ಬೇಡ್ಕೋಬೇಡಿ. ಒಂದ್ಸಲ ಬೇಡ್ಕೊಂಡ್ರೆ ಮುಗೀತು, ಜೀವನಪೂರ್ತಿ ಅವನೇ ಯಜಮಾನ" ಎಂದಳು ತೂವಾ. "ನಾನೆಲ್ಲಿ ಬೇಡ್ಕೊಳ್ತೀನಿ" ಎಂದ ರೂನೆ. ಹಿಂದಿನ ಹೆಂಗಸು, "ನಮ್ಮನೆಯವ್ನಿಗೆ ಇಟ್ಟಿದ್ದೆಲ್ಲಾ ಆಗುತ್ತೆ, ಬಟ್ಲೊಂದು ಬಿಟ್ಟು" ಎಂದು ನಕ್ಕಳು. ತೂವಾ ಬಗ್ಗಿ ಒಂದು ಹಸಿರುಗಂದು ಪೊಟ್ಟಣ ಹೊರತೆಗೆದಳು. "ತೊಳೆಯದ ಹಸುವಿನ ಜಠರ. ನಾರುತ್ತೆ, ಹೇಳಿಬಿಡ್ತೀನಿ. ನಾಯಿಗಳು ಇದಕ್ಕೆ ಪ್ರಾಣ ಬಿಡ್ತಾವೆ." ಫಿಗ್ಗೆ ಆ ಹೊತ್ತಿಗೆ ಸರಿಯಾಗಿ ಆಕಳಿಸಿತು, ಇಬ್ಬರು ಹೆಂಗಸರೂ ನಕ್ಕರು, ರೂನೆಯ ಕಿವಿ ಬಿಸಿಯಾಯಿತು. ಅರವತ್ತು ದಾಟಿದ ಮೇಲೂ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಕಿವಿ ಬಿಸಿಯಾಗುವುದು ತಪ್ಪಿರಲಿಲ್ಲ.

ದಾರಿಯಲ್ಲಿ, ಬೇರೆಯಾಗುವ ಮೊದಲು ಇಬ್ಬರೂ ಇದ್ದ ಹಳೆಯ ಮನೆಯ ಮುಂದೆ ಬರಬೇಕಾದ ಅಗತ್ಯವಿರಲಿಲ್ಲ, ಆದರೂ ಬಂದ. ಬಂದರಿನ ಮೇಲಿನ ಏರಿಯಲ್ಲಿ ಮೂರನೆಯ ಮಹಡಿ. ಅಡುಗೆಮನೆಯ ಕಿಟಕಿಯಲ್ಲಿ ಈಗ ಯಾರದೋ ದೀಪ. ಗುರುವಾರವೆಂದರೆ ಆ ಕಿಟಕಿಯ ಗಾಜು ಆವಿಯಿಂದ ಮಂಜಾಗುತ್ತಿತ್ತು. ದೇಶಕ್ಕೆ ದೇಶವೇ ಗುರುವಾರ ಬಟಾಣಿ ಸೂಪು, ಪ್ಯಾನ್‌ಕೇಕ್ ತಿನ್ನುವಾಗ ಇವರೂ ತಿನ್ನುತ್ತಿದ್ದರು, ಆದರೆ ಸಿಗ್ನೆ ಕೂತು ತಿಂದದ್ದು ಅವನಿಗೆ ನೆನಪಿಲ್ಲ. ಒಲೆಯ ಮುಂದೆ ನಿಂತೇ ಒಂದನ್ನು ಹುಯ್ಯುತ್ತಾ ಇನ್ನೊಂದನ್ನು ಕೈಯಲ್ಲೇ ಮಡಿಸಿ ಬಾಯಿಗೆ ಹಾಕಿಕೊಳ್ಳುತ್ತಾ, ರೇಡಿಯೋದವರ ಹವಾಮಾನ ವರದಿಗೆ ಎದುರುತ್ತರ ಕೊಡುತ್ತಾ, ಕಾಲ ಬಳಿ ಕಾಯುವ ಮರಿ ಫಿಗ್ಗೆಗೆ ಅಂಚು ಹರಿದು ಹಾಕುತ್ತಿದ್ದಳು. "ತಿನ್ನೋ ಕಡೆ ನಾಯಿಗೆ ಹಾಕ್ಬೇಡ, ಕೆಟ್ಟ ಅಭ್ಯಾಸ" ಎಂದು ಇವನು ಮೇಜಿನಿಂದ ಅನ್ನುತ್ತಿದ್ದ. "ನಿಂಗೂ ಬೇಕಾ? ಬಾಯಿ ತೆಗಿ" ಎಂದು ಅವಳು ತುಂಡೊಂದನ್ನು ಎತ್ತಿ ತೋರಿಸುತ್ತಿದ್ದಳು. ಬೆಣ್ಣೆ ಹೊಳೆಯುವ ಬೆರಳುಗಳು. ಅವನು ತಟ್ಟೆಯ ಮೇಲೆ ಬಾಗಿ, ಚಾಕು ಮುಳ್ಳು ಹಿಡಿದು, ತನ್ನ ಪಾಲನ್ನು ನೀಟಾಗಿ ಕತ್ತರಿಸುತ್ತಿದ್ದ. ಒಂದು ಸಲವಾದರೂ ಬಾಯಿ ತೆಗೆದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಈಗ ಬೀದಿಯಲ್ಲಿ ನಿಂತು ಯೋಚಿಸಿದರೆ ಏನು ಬಂತು. ಫಿಗ್ಗೆ ಹಳೆಯ ಬಾಗಿಲ ಕಡೆ ಹಗ್ಗ ಎಳೆಯಿತು. ಇವನು ಇತ್ತ ಎಳೆದ.

ಮನೆಗೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಪೊಟ್ಟಣ ಕರಗುತ್ತಿದ್ದಂತೆ ಕೊಟ್ಟಿಗೆಯ ಗೊಬ್ಬರ, ಹುಳಿಬಂದ ಹುಲ್ಲು ಎಲ್ಲ ಒಟ್ಟಿಗೆ ಮನೆ ತುಂಬಿತು. ಕಿಟಕಿ ತೆರೆದ. ಬಟ್ಟಲಿಗೆ ಹಾಕಿ, ಎಂದಿನಂತೆ ಹಜಾರದಲ್ಲಿಟ್ಟು, ಬೆನ್ನು ತಿರುಗಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡ. ತಿನ್ನುವವರನ್ನು ನೋಡಬಾರದು, ಅವರ ಪಾಡಿಗೆ ಬಿಡಬೇಕು, ಅದೇ ಮರ್ಯಾದೆ ಎಂದೇ ಅವನು ಬೆಳೆದದ್ದು. ಹಾಗೆಯೇ ತಾನು ತಿನ್ನುವಾಗ ಫಿಗ್ಗೆಯನ್ನು ಮಲಗುವ ಕೋಣೆಗೆ ಕಳಿಸಿ ಬಾಗಿಲು ಮುಂದೆ ಮಾಡುತ್ತಿದ್ದ. ಸಿಗ್ನೆ ಇದ್ದಾಗ ಇದು ನಡೆಯುತ್ತಿರಲಿಲ್ಲ. ಬೇರೆಯಾದ ಮೇಲೆ ಊಟಕ್ಕೆ ಒಂದು ಶಿಸ್ತು ಬಂದಿತ್ತು. ತುಸು ಹೊತ್ತು ಬಿಟ್ಟು ನೋಡಿದರೆ ಬಟ್ಟಲು ಹಾಗೇ ಇತ್ತು. ಪ್ರಾಣ ಬಿಡುವ ನಾಯಿಗಳು ಬೇರೆ ಯಾವುವೋ ಇರಬೇಕು. ತೂವಾ ಹೇಳಿದಂತೆ ಬಟ್ಟಲನ್ನೆತ್ತಿ ಕಟ್ಟೆಯ ಮೇಲಿಟ್ಟ. ಫಿಗ್ಗೆ ಹೇಳಿಸಿಕೊಳ್ಳದೆ ತಾನಾಗಿ ಮಲಗುವ ಕೋಣೆಗೆ ನಡೆಯಿತು, ಯಾಕೆಂದರೆ ಇನ್ನು ಯಜಮಾನನ ಊಟದ ಹೊತ್ತು. ಅದು ಹಾಗೆ ಬಾಲ ಇಳಿಸಿಕೊಂಡು ತಾನಾಗಿ ಹೋದದ್ದು ರೂನೆಗೆ ಯಾಕೋ ಸರಿಬರಲಿಲ್ಲ.

ಬಟಾಣಿ ಸೂಪು ಬಿಸಿಮಾಡಿ, ತಟ್ಟೆಯಂಚಿಗೆ ಅರೆದ ಸಾಸಿವೆ ಹಾಕಿಕೊಂಡು ಕೂತ. ಚಮಚ ತಟ್ಟೆಗೆ ತಾಗುವ ಸದ್ದು ದೊಡ್ಡದಾಗಿ ಕೇಳಿಸಿತು. ಮಲಗುವ ಕೋಣೆಯಿಂದ ಒಂದು ಕುಂಯ್ ಕೂಡ ಇಲ್ಲ. ಬಾಗಿಲ ಸಂದಿಯಲ್ಲಿ ಕತ್ತಲು. ಹುಡುಗನಾಗಿದ್ದಾಗ ಅವನು ಕಾಯುತ್ತಿದ್ದ ಕೋಣೆಯಲ್ಲಿ ಕತ್ತಲಿರಲಿಲ್ಲ, ಹಸಿರು ಗಾಜಿನ ದೀಪವಿತ್ತು, ಗೆಳೆಯ ಲೆನ್ನಾರ್ಟನ ಆಟದ ರೈಲು ಹಳಿಯ ಮೇಲೆ ನಿಂತಿತ್ತು, ಲೆನ್ನಾರ್ಟ್ ಊಟಕ್ಕೆ ಹೋಗಿದ್ದ. "ರೂನೆ, ನೀನು ಇಲ್ಲೇ ಆಡ್ಕೋತಿರು, ನಾವು ಊಟ ಮುಗಿಸಿ ಬರ್ತೀವಿ" ಎಂದು ಲೆನ್ನಾರ್ಟನ ಅಮ್ಮ ಗುಲ್ಲನ್ ಆಂಟಿ ಬಾಗಿಲನ್ನು ಅರ್ಧ ಹಾಕಿಕೊಂಡು ಹೋಗಿದ್ದರು. ಇದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ಗೆಳೆಯರ ಮನೆಯಲ್ಲಿ ಊಟದ ಹೊತ್ತಾದರೆ ಹುಡುಗರು ಕೋಣೆಯಲ್ಲಿ ಕಾಯುತ್ತಿದ್ದರು. ಅವರವರ ತಾಯಂದಿರು ಅವರವರ ಮನೆಯಲ್ಲಿ ಮಾಡಿಟ್ಟಿರುತ್ತಾರೆ, ಬೇರೆಯವರು ಹೊಟ್ಟೆ ತುಂಬಿಸಿ ಕಳಿಸಿದರೆ ಆ ತಾಯಿಗೆ ಅವಮಾನ. ರೂನೆಯ ತಾಯಿ ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ಸಂಜೆಪಾಳಿ ಮಾಡುತ್ತಿದ್ದಳೆಂಬುದು, ಮನೆಯಲ್ಲಿ ಬ್ರೆಡ್ಡು, ಟ್ಯೂಬಿನಲ್ಲಿ ಬರುವ ಮೀನುಮೊಟ್ಟೆಯ ಪೇಸ್ಟು ಬಿಟ್ಟರೆ ಏನೂ ಇರುವುದಿಲ್ಲವೆಂಬುದು ಗುಲ್ಲನ್ ಆಂಟಿಗೆ ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ. ಸಾಸೇಜು ಬೆಣ್ಣೆಯಲ್ಲಿ ಬೇಯುವ ವಾಸನೆ, ಚಾಕು ಮುಳ್ಳುಗಳ ಸದ್ದು, ಲೆನ್ನಾರ್ಟನ ಅಪ್ಪ ಏನೋ ಹೇಳಿ ಎಲ್ಲರೂ ನಗುವುದು. ಆ ನಗುವಿಗೆ ಇವನೂ ಕೋಣೆಯಲ್ಲಿ ಒಬ್ಬನೇ ನಕ್ಕುಬಿಡುತ್ತಿದ್ದ. ಹೊಟ್ಟೆ ಸದ್ದು ಮಾಡಿದರೆ ರೈಲನ್ನು ಕೀಲಿ ಕೊಟ್ಟು ಓಡಿಸುತ್ತಿದ್ದ. ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಅವನಿಗೆ ಆ ಕೋಣೆಯೆಂದರೆ ಈಗಲೂ ಪ್ರೀತಿ. ತನ್ನ ಮನೆಗಿಂತ ಅದು ಬೆಚ್ಚಗಿತ್ತು.

ಒಂದು ಗುರುವಾರ ಗುಲ್ಲನ್ ಆಂಟಿ ಬಾಗಿಲು ಪೂರ್ತಿ ತೆರೆದು ಬಂದಿದ್ದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮಡಿಸಿದ ಒಂದು ಪ್ಯಾನ್‌ಕೇಕು, ಪಕ್ಕದಲ್ಲಿ ಸ್ಟ್ರಾಬೆರಿ ಜಾಮು. "ಒಂದು ಮಿಕ್ಕಿದೆ ಕಣೋ, ತಿಂತೀಯಾ?" ಎಂದರು. ಅವನಿಗೆ ಬಾಯಲ್ಲಿ ನೀರೂರಿತು, ನುಂಗಿದ. "ಬೇಡ ಆಂಟಿ, ಹೊಟ್ಟೆ ತುಂಬಿದೆ, ಅಮ್ಮ ಮನೇಲಿ ಮಾಡಿಟ್ಟಿದ್ದಾಳೆ" ಎಂದ. ಯಾಕೆ ಹಾಗೆ ಅಂದನೋ. ಅಮ್ಮನ ಮರ್ಯಾದೆ ಉಳಿಸುವುದಕ್ಕೋ, ಮಿಕ್ಕಿದ್ದು ಎಂದದ್ದಕ್ಕೋ, ಅಥವಾ ಇಷ್ಟು ದಿನ ಕಾದವನಿಗೆ ಇದ್ದಕ್ಕಿದ್ದಂತೆ ಕೊಟ್ಟರೆ ಇಷ್ಟು ದಿನ ಹಸಿದಿದ್ದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದೋ. "ಸರಿ ಹಾಗಾದ್ರೆ" ಎಂದು ಅವರು ತಟ್ಟೆ ತೆಗೆದುಕೊಂಡು ಹೋದರು. ಎರಡನೆಯ ಸಲ ಕೇಳುವ ಅಭ್ಯಾಸ ಆ ಊರಿಗಿರಲಿಲ್ಲ. ಕೇಳಿದ್ದರೆ ತಿನ್ನುತ್ತಿದ್ದ. ಇನ್ನೊಂದೇ ಸಲ ಕೇಳಲಿ ಎಂದು ಅವನು ಬಾಗಿಲನ್ನೇ ನೋಡುತ್ತ ಕೂತಿದ್ದ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಂತು, ತಟ್ಟೆ ತೊಳೆಯುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ, ಬಂದರಿನ ಮೇಲಿನ ಆ ಮನೆಯಲ್ಲಿ, ಹೀಗೇ ತಟ್ಟೆ ಒರೆಸುತ್ತಾ ಸಿಗ್ನೆ ಅಂದಿದ್ದಳು, "ನಾನು ಬೇರೆ ಮನೆ ಮಾಡ್ಬೇಕು ಅಂತಿದೀನಿ ರೂನೆ." ಅವನು "ನಿಂಗೆ ಹಾಗನ್ನಿಸಿದ್ರೆ ಸರಿ" ಎಂದಿದ್ದ. ಬಲವಂತ ಮಾಡಬಾರದು, ಅದೂ ಮರ್ಯಾದೆ. ಅವಳು ಒರೆಸಿ ಆಗಿದ್ದ ತಟ್ಟೆಯನ್ನೇ ಇನ್ನೂ ಸ್ವಲ್ಪ ಹೊತ್ತು ಒರೆಸಿದಳು. ಯಾಕೆ ಒರೆಸುತ್ತಿದ್ದಾಳೆ ಎಂದು ಆಗ ಅವನು ಯೋಚಿಸಲೇ ಇಲ್ಲ.

ಸೂಪು ಆರಿ ಕೆನೆ ಕಟ್ಟಿತ್ತು. ರೂನೆ ಎದ್ದು ಹೋಗಿ ಮಲಗುವ ಕೋಣೆಯ ಬಾಗಿಲು ತಳ್ಳಿದ. ಫಿಗ್ಗೆ ಕತ್ತಲಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿತ್ತು, ಮಲಗಿಯೇ ಇರಲಿಲ್ಲ. "ಬಾರೋ" ಎಂದ. ಅದು ಬರಲಿಲ್ಲ. ಈ ಹೊತ್ತಿನಲ್ಲಿ ಕರೆಯುವುದು ಪದ್ಧತಿಯಲ್ಲ ಎಂದು ಅದಕ್ಕೂ ತಿಳಿದಿತ್ತು. ಅವನು ತನ್ನ ಸೂಪಿನ ತಟ್ಟೆಯನ್ನೂ ನಾಯಿಯ ಬಟ್ಟಲನ್ನೂ ತಂದು ಅಡುಗೆಮನೆಯ ನೆಲದ ಮೇಲಿಟ್ಟು, ಮಂಡಿ ಲಟಕ್ಕೆನ್ನಿಸಿ, ತಾನೂ ಅಲ್ಲೇ ಕಪಾಟಿಗೆ ಒರಗಿ ಕೂತ. ನೆಲ ತಣ್ಣಗಿತ್ತು. ಮೇಜಿನ ಅಡಿಭಾಗ ಇಷ್ಟು ಒರಟಾಗಿದೆ ಎಂದು ಅವನಿಗೆ ಇವತ್ತೇ ಗೊತ್ತಾದದ್ದು. ಒಂದು ಚಮಚ ಸೂಪು ಕುಡಿದ. ಹಜಾರದಲ್ಲಿ ಉಗುರಿನ ಸದ್ದು ಕೇಳಿ, ನಿಂತು, ಮತ್ತೆ ಕೇಳಿ, ಫಿಗ್ಗೆ ಬಂದು ಕೈಗೆಟುಕದಷ್ಟು ದೂರ ಕೂತಿತು. ರೂನೆ ಬರಿಗೈಯನ್ನು ಬಟ್ಟಲಿಗೆ ಹಾಕಿದ. ತಣ್ಣಗೆ, ಲೋಳೆಲೋಳೆಯಾಗಿ, ನಾರುತ್ತಾ ಒಂದು ತುಂಡು ಬೆರಳಿಗೆ ಸಿಕ್ಕಿತು. ಹಿಡಿದ. ಫಿಗ್ಗೆ ಮುಖ ತಿರುಗಿಸಿತು.

"ತಗೋ" ಎಂದ. ನಾಯಿ ಗೋಡೆ ನೋಡಿತು. "ನೋಡೋ, ಆ ಹುಡುಗಿ ಬೇಡ್ಕೋಬೇಡ ಅಂದಿದ್ದಾಳೆ. ನಾನು ಬೇಡ್ಕೊಳ್ತಿದೀನಿ. ತಗೋ." ರಸ ಮಣಿಕಟ್ಟಿನಿಂದ ಅಂಗಿಯ ತೋಳಿಗೆ ಇಳಿಯಿತು. "ಹಸಿವಿಲ್ವಾ? ಸುಳ್ಳು. ನಂಗೆ ಗೊತ್ತಿಲ್ವಾ? ಮಿಕ್ಕಿದ್ದಲ್ಲ ಕಣೋ ಇದು. ನಿನಗೇ ಅಂತ ತಂದದ್ದು. ನಾರುತ್ತೆ, ಹೌದು. ನನ್ನ ಸೂಪೇನು ಘಮಘಮ ಅಂತಿದ್ಯಾ?" ಯಾರಾದರೂ ನೋಡಿದರೆ ಮುದುಕನಿಗೆ ತಲೆಕೆಟ್ಟಿದೆ ಎನ್ನುತ್ತಿದ್ದರು. ಅವನಿಗೆ ನಾಚಿಕೆಯಾಗಲಿಲ್ಲ, ಅಥವಾ ನಾಚಿಕೆಯಾದರೂ ಕೈ ಹಿಂದೆ ತೆಗೆಯಲಿಲ್ಲ. ಫಿಗ್ಗೆಯ ಮೂಗು ಮೊದಲು ಬಂತು. ಆಮೇಲೆ ನಾಲಗೆ ಬಂತು, ಮಾಂಸಕ್ಕಲ್ಲ, ಮಣಿಕಟ್ಟಿಗೆ. ಅಲ್ಲಿಂದ ಅಂಗೈಗೆ, ಅಂಗೈಯಿಂದ ಬೆರಳಿಗೆ, ಹುಷಾರಾಗಿ, ಹಲ್ಲು ತಾಗಿಸದೆ, ತುಂಡನ್ನು ತೆಗೆದುಕೊಂಡಿತು. ರೂನೆ ಇನ್ನೊಂದು ಹಿಡಿದ. ಇನ್ನೊಂದು. ಆಮೇಲೆ ಅದಕ್ಕೆ ಕೈಗಾಗಿ ಕಾಯುವುದು ಸಾಕೆನಿಸಿ ಮೂತಿಯನ್ನೇ ಬಟ್ಟಲಿಗಿಟ್ಟಿತು. ಬಟ್ಟಲು ನೆಲದ ಮೇಲೆ ಕರಕರ ಸರಿಯತೊಡಗಿತು. ಇಷ್ಟು ಖುಷಿಯಾಗಿ ಎಷ್ಟು ವರ್ಷವಾಗಿತ್ತೋ, ರೂನೆಯ ಕಣ್ಣಲ್ಲಿ ನೀರು ಬಂತು. ಭಾನುವಾರ ಉಳಿಯಿತು, ಇನ್ನು ಸುಳ್ಳು ಹೇಳಬೇಕಾಗಿಲ್ಲ, ಅವಳು ಪಕ್ಕೆ ತಡವಿದರೂ ಹೆದರಿಕೆಯಿಲ್ಲ ಎಂದು ಸಮಾಧಾನಪಟ್ಟುಕೊಂಡ.

ಫೋನು ಹೊಡೆದುಕೊಂಡಿತು. ಸಿಗ್ನೆ. ಗುರುವಾರ ಅವಳು ಫೋನು ಮಾಡುವವಳಲ್ಲ. ಅಂಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎತ್ತಿದ.

"ಊಟದ ಹೊತ್ತಲ್ಲಿ ಮಾಡ್ಬಿಟ್ಟೆ" ಎಂದಳು.

"ಪರ್ವಾಗಿಲ್ಲ, ಹೇಳು."

"ಮೊದ್ಲು ಒಂದು ತಪ್ಪು ಒಪ್ಕೊಂಡ್ಬಿಡ್ತೀನಿ. ನಗಬಾರ್ದು. ಫಿಗ್ಗೆ ನನ್ನ ಹತ್ರ ಹಸೀದು ಮುಟ್ಟಲೇ ಇಲ್ಲ ಕಣೋ. ಬೆಣ್ಣೇಲಿ ಹುರಿದು ಹಾಕ್ತಿದ್ದೆ. ನಿನ್ನ ಹತ್ರ ತಿಂತಾನೆ ಅಂತ ನೀನು ಹೇಳ್ದಾಗೆಲ್ಲ ಹೊಟ್ಟೆ ಉರೀತಿತ್ತು."

ರೂನೆಗೆ ನಗು ಬಂತು. ಅವಳೂ ಆ ಕಡೆ ನಕ್ಕಳು. ಗುರುವಾರದ ಮಂಜು ಕಟ್ಟಿದ ಕಿಟಕಿಯ ನಗು ಅದು. ಈಗ ಹೇಳಿಬಿಡಬೇಕು, ನಾನೂ ಸುಳ್ಳೇ ಹೇಳಿದ್ದು ಎಂದು, ಅಷ್ಟರಲ್ಲಿ ಅವಳ ದನಿ ಬದಲಾಯಿತು.

"ನಮ್ಮಕ್ಕ ಎಲ್ವಿರಾ ಬಿದ್ದಿದ್ದಾಳೆ. ಸೊಂಟ ಮುರಿದಿದೆ. ಮಾಲ್ಮೋಗೆ, ಅಷ್ಟು ದೂರಕ್ಕೆ, ಬಂದಿರು ಅಂತಿದ್ದಾಳೆ. ನಾಲ್ಕು ದಿನಕ್ಕಲ್ಲ ರೂನೆ. ಇಲ್ಲೀ ಮನೆ ಬಿಟ್ಟು ಅಲ್ಲೇ ಇರೋದು. ಅವಳಿಗೂ ಯಾರೂ ಇಲ್ಲ, ನಂಗೂ ಇಲ್ಲಿ ಏನಿದೆ. ನಾಯಿ ಕೂದ್ಲಿದ್ರೆ ಅವಳಿಗೆ ಉಸಿರು ಕಟ್ಟುತ್ತೆ, ನಿಂಗೊತ್ತಲ್ಲ. ಕರ್ಕೊಂಡು ಹೋಗೋಕಾಗಲ್ಲ. ಅದಕ್ಕೇ ಕೇಳ್ತಿದೀನಿ. ಹಿಂದಿನ್ಸಲ ಅವನು ಸಣ್ಣಗಾಗಿದ್ದ. ನಿಜ ಹೇಳು. ನಿನ್ನ ಹತ್ರ ತಿಂತಾನಾ? ತಿನ್ನಲ್ಲ ಅಂದ್ರೆ ನಾನು ಹೋಗಲ್ಲ. ಎಲ್ವಿರಾಗೆ ಹೇಳ್ಬಿಡ್ತೀನಿ, ಬೇರೆ ಏನಾದ್ರೂ ನೋಡ್ಕೋ ಅಂತ. ಅವನನ್ನ ಉಪವಾಸ ಕೆಡವಿ ಹೋಗೋಕೆ ನಂಗಾಗಲ್ಲ."

ತಿನ್ನುವುದಿಲ್ಲ. ಒಂದೇ ಮಾತು, ಅದೂ ನಿನ್ನೆಯವರೆಗೆ ನಿಜವಾಗಿದ್ದ ಮಾತು. ಇಂದು ಸಂಜೆಯವರೆಗೂ ನಿಜವೇ. ಹೇಳಿದರೆ ಅವಳು ಇಲ್ಲೇ ಇರುತ್ತಾಳೆ, ಟೋಪಿ ತೆಗೆಯದೆ ಮೆಟ್ಟಿಲ ಮೇಲೆ ನಿಲ್ಲುತ್ತಾಳೆ, ಚಳಿ ಬೇಗ ಬಂತು ಎನ್ನುತ್ತಾಳೆ. ರೂನೆ ಬಾಯಿ ತೆರೆದ. ಕಾಲ ಬಳಿ ಫಿಗ್ಗೆ ಬಟ್ಟಲನ್ನು ಕಪಾಟಿನವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಸಿಕ್ಕಿಸಿಕೊಂಡು, ತಳವನ್ನು ನೆಕ್ಕುತ್ತಿತ್ತು.

"ಏನದು ಸದ್ದು?" ಎಂದಳು ಸಿಗ್ನೆ.

"ಅವನೇ" ಎಂದ ರೂನೆ. "ತಿಂತಿದ್ದಾನೆ."

"ಹಸೀದಾ?"

"ಹಸೀದೇ. ಜಠರ. ಮನೆಯೆಲ್ಲಾ ನಾರ್ತಿದೆ."

"ಸ್ವಲ್ಪ ಹತ್ರ ಹಿಡಿ, ಕೇಳಿಸ್ಕೋತೀನಿ" ಎಂದಳು.

ರೂನೆ ಬಾಗಿ ಫೋನನ್ನು ಬಟ್ಟಲಿನ ಅಂಚಿಗೆ ಹಿಡಿದ. ಫಿಗ್ಗೆ ಅದನ್ನೂ ಒಂದು ಸಲ ನೆಕ್ಕಿ ನೋಡಿ, ರುಚಿಯಿಲ್ಲವೆಂದು ಬಿಟ್ಟು, ಮತ್ತೆ ತಳಕ್ಕೆ ಬಾಯಿ ಹಾಕಿತು. ಬಟ್ಟಲು ಖಾಲಿಯಾಯಿತು. ನಾಯಿ ತುಟಿ ಸವರಿಕೊಂಡು ಹೋಗಿ ಬೂಟುಗಳ ಪಕ್ಕ ಮಲಗಿತು. ಅವನು ಫೋನನ್ನು ಇನ್ನೂ ಅಲ್ಲೇ ಹಿಡಿದುಕೊಂಡಿದ್ದ, ಅವಳೂ ಇನ್ನೂ ಇಟ್ಟಿರಲಿಲ್ಲ.